ನೂರಕ್ಕೆ ನೂರು ಬಂದ ಪರೀಕ್ಷೆ

ಚಿಂತಾಮಣಿ ಕಡೆಯ ಒಂದು ಪುಟ್ಟ ನರ್ಸಿಂಗ್ ಹೋಮಿನಲ್ಲಿ ನಾನು ಹೆರಿಗೆ ವಾರ್ಡಿನ ಹಿರಿಯ ನರ್ಸಾಗಿದ್ದೆ. ಇಪ್ಪತ್ತು ವರ್ಷದ ಸರ್ವಿಸ್ಸು, ಅದಕ್ಕೆ ತಕ್ಕ ಬಾಯಿ. ಎರಡು ಸಾವಿರದ ಐದೋ ಆರೋ ಇರಬೇಕು, ನಮ್ಮ ಡಾಕ್ಟರಮ್ಮ ಒಂದು ಕಂಪ್ಯೂಟರನ್ನೂ ಪಾಠದ ಸಿ.ಡಿ.ಗಳನ್ನೂ ತರಿಸಿದರು. ಹುಟ್ಟಿದ ಮಗು ಅಳದಿದ್ದರೆ ಏನು ಮಾಡಬೇಕು ಎಂಬುದೇ ಮೊದಲ ಪಾಠ. ನಾವು ಐದು ಜನ ನರ್ಸುಗಳೂ ನೋಡಿ ಮುಗಿಸಿ ಅದರಲ್ಲೇ ಪರೀಕ್ಷೆ ಬರೆಯಬೇಕು.

"ಮಗು ಅಳ್ಸೋದನ್ನ ಈ ಪೆಟ್ಟಿಗೆ ನಂಗೆ ಹೇಳ್ಕೊಡುತ್ತಾ?" ಎಂದು ಜೋರು ಮಾಡಿದೆ. ನಿಜ ಹೇಳಬೇಕೆಂದರೆ, ಹೆದರಿಕೆ. ಮೌಸ್ ಹಿಡಿದರೆ ಆ ಹಾಳು ಬಾಣ ನನಗೆ ಬೇಕಾದ ಕಡೆ ಬಿಟ್ಟು ಊರೆಲ್ಲ ತಿರುಗುತ್ತಿತ್ತು.

ನಮ್ಮಲ್ಲೊಂದು ರೂಢಿ. ಚಾರ್ಟು, ರಿಜಿಸ್ಟರು, ಯಾವುದೇ ಬರವಣಿಗೆ ಇರಲಿ, ಕಿರಿಯರು ತುಂಬುವುದು, ಹಿರಿಯರು ಸಹಿ ಹಾಕುವುದು. ಆಗ ನಮ್ಮ ಜೊತೆ ಶಿಡ್ಲಘಟ್ಟದ ಹುಡುಗಿಯೊಬ್ಬಳಿದ್ದಳು. ರೇಷ್ಮೆ ನೂಲು ಬಿಚ್ಚುವ ಮನೆಯವಳು, ಕೆಲಸಕ್ಕೆ ಸೇರಿ ವರ್ಷವಾಗಿತ್ತು. "ಅಕ್ಕಾ, ನೀವು ಟೀ ಕುಡೀರಿ, ನಾನ್ ಒತ್ಬಿಡ್ತೀನಿ" ಅಂದಳು. ಒತ್ತಿದಳು. ನನ್ನ ಹೆಸರಿಗೆ ನೂರಕ್ಕೆ ನೂರು ಬಂತು.

ಡಾಕ್ಟರಮ್ಮನಿಗೆ ಹಿಗ್ಗೋ ಹಿಗ್ಗು. "ಇನ್ಮೇಲೆ ಮಗು ಅಳ್ಲಿಲ್ಲ ಅಂದ್ರೆ ನೀವೇ ನೋಡ್ಕೋಬೇಕು. ನಾನು ತಾಯಿ ಕಡೆ ಇರ್ತೀನಿ" ಅಂದರು. ಅಯ್ಯೋ ದೇವರೇ! ಅವತ್ತಿನಿಂದ ನೋವು ಬಂದವಳೊಬ್ಬಳು ಬಾಗಿಲಲ್ಲಿ ಆಟೋ ಇಳಿದರೆ ಸಾಕು, ನಾನು ಊಟದ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದೆ. ಹೋಗಿ ಒಂದು ಸಲ ಆ ಪಾಠ ನೋಡಬಹುದಿತ್ತು. ಆದರೆ ಕಂಪ್ಯೂಟರ್ ಹಾಕಿಕೊಡಲು ಯಾರನ್ನಾದರೂ ಕರೆಯಬೇಕು, ನೂರು ತೆಗೆದವಳಿಗೆ ಮತ್ತೆ ಯಾಕೆ ಪಾಠ ಎಂದು ಅವರು ಕೇಳುತ್ತಾರೆ. ಮಗು ಅತ್ತರೆ ಬದುಕಿದೆಯಾ ಬಡಜೀವವೇ ಅಂದುಕೊಂಡು ದಿನ ದೂಡಿದೆ.

ಒಂದು ಮಧ್ಯಾಹ್ನ ಚೊಚ್ಚಲ ಹೆರಿಗೆ. ಮಗು ಬಂತು, ಸದ್ದೇ ಇಲ್ಲ. ತಾಯಿಗೆ ರಕ್ತ ಹೋಗುತ್ತಿದ್ದುದರಿಂದ ಡಾಕ್ಟರಮ್ಮ ಮಗುವನ್ನು ನನ್ನ ಕೈಗಿತ್ತು ಆ ಕಡೆ ತಿರುಗಿದರು. ನನ್ನ ಕೈ ತನಗೆ ಗೊತ್ತಿದ್ದನ್ನೇ ಮಾಡಿತು. ಎರಡೂ ಕಾಲು ಹಿಡಿದು, ತಲೆಕೆಳಗು ಮಾಡಿ, ಬೆನ್ನಿಗೆ ಬಡಿದೆ. ಅಳಲಿಲ್ಲ. ಇನ್ನೊಂದು ಬಡಿದೆ. ತುಟಿ ನೀಲಿಯಾಗುತ್ತಿತ್ತು. ಮತ್ತೆ ಕೈ ಎತ್ತಿದೆ.

"ಬೇಡಾ ಅಕ್ಕಾ! ಕೊಡಿ ಇಲ್ಲಿ!"

ನನ್ನೆದುರು ಯಾವತ್ತೂ ಗಟ್ಟಿಯಾಗಿ ಮಾತಾಡದ ಆ ಹುಡುಗಿ ಮಗುವನ್ನು ಕಿತ್ತುಕೊಂಡಳು. ಮಲಗಿಸಿದಳು, ಒರೆಸಿದಳು, ಕತ್ತು ನೇರ ಮಾಡಿದಳು, ಮೂಗು ಬಾಯಿಗೆ ಮಾಸ್ಕ್ ಇಟ್ಟು ಆಂಬು ಬ್ಯಾಗ್ ಒತ್ತಿ ಒತ್ತಿ ಗಾಳಿ ಕೊಟ್ಟಳು. ನಾನು ಬಟ್ಟೆ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಸಣ್ಣಗೆ ಕುಂಯ್ ಅಂತ ಅಳು ಕೇಳಿಸಿತು.

ತಾಯಿಯ ರಕ್ತ ನಿಂತು, ಎಲ್ಲ ಮುಗಿಸಿ ಸಂಜೆ ಹೊರಗೆ ಬಂದರೆ ಮಗುವಿನ ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. "ನಿನ್ ಹೊಟ್ಟೆ ತಣ್ಣಗಿರ್ಲಿ ಕಣಮ್ಮಾ. ಪರೀಕ್ಷೇಲಿ ಪೂರ್ತಿ ಮಾರ್ಕು ತಗೊಂಡಿರೋ ಸಿಸ್ಟರ್ ಅವ್ರೆ, ಭಯ ಬೇಡ ಅಂತ ಡಾಕ್ಟರಮ್ಮ ಮೊದ್ಲೇ ಹೇಳಿದ್ರು."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಡಿದ ಕೈಗೆ ಮುದುಕಿಯ ಕಣ್ಣೀರು ಹತ್ತಿತ್ತು. ನಾಚಿಕೆ ತಡೆಯಲಾಗದೆ ನೆಟ್ಟಗೆ ಡಾಕ್ಟರಮ್ಮನ ಕೋಣೆಗೆ ಹೋದೆ. "ಮೇಡಂ, ಆ ಮಾರ್ಕು ನಂದಲ್ಲ. ಆ ಹುಡುಗಿ ಒತ್ತಿದ್ದು. ಮಗೂನ ಉಳಿಸಿದ್ದೂ ಅವಳೇ."

ಅವರು ಪೆನ್ನು ಕೆಳಗಿಟ್ಟರು. ಬೈದಿದ್ದರೆ ವಾಸಿಯಿತ್ತು.

"ಮಿಕ್ಕ ಮೂರು ಜನದ್ದು?"

"ಅವರದೂ ಅವಳೇ ಮೇಡಂ."

"ಅವಳೆಲ್ಲಿ ಈಗ?"

ಡ್ಯೂಟಿ ಮುಗಿಸಿ ಶಿಡ್ಲಘಟ್ಟದ ಬಸ್ಸು ಹತ್ತಿದ್ದಳು. ಹೇಳಿದೆ. ಡಾಕ್ಟರಮ್ಮ ಎದ್ದು ಹೋಗಿ ಕಂಪ್ಯೂಟರ್ ಹಾಕಿ, ಕುರ್ಚಿ ಎಳೆದರು.

"ಬೇಗ ಕೂತ್ಕೊಳಿ. ಎರಡನೇ ಬೆಡ್ಡಿನವಳಿಗೆ ಆಗ್ಲೇ ನೋವು ಶುರುವಾಗಿದೆ."