ಖಂಡಪ್ಪನ ಗಂಟಿನ ಹಗ್ಗ

ಖಂಡಪ್ಪನ ಮೇಲೆ ಹಗ್ಗದ ಕಳವು ಬರೆದ ಕೈ ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನ ಸಿಟ್ಟಿಗೆ ನನಗೆ ಹಕ್ಕಿಲ್ಲ.

ಯಾದಗಿರಿಯ ಭೀಮಾ ದಂಡೆಯಲ್ಲಿ ಹರಗೋಲು ಹಾಕುತ್ತಿದ್ದ ಅಂಬಿಗರ ಮನೆಯವನು ಅವನು. ಕಾಲುವೆಗೆ ನೀರು ಬಂದ ಮೇಲೆ ಶಹಾಪುರದ ಕಡೆ ಅದರ ದಂಡೆಗೇ ಬಂದು ಇದ್ದ, ಯಾರು ಜಾರಿ ಬಿದ್ದರೂ ಜನ ಇವನನ್ನೇ ಕೂಗುತ್ತಿದ್ದರು. ಪಾಚಿಗಟ್ಟಿದ ಸಿಮೆಂಟಿನ ಇಳಿಜಾರಿನಲ್ಲಿ ಯಾರ ಕಾಲೂ ನಿಲ್ಲುವುದಿಲ್ಲ. ಮೊಳಕ್ಕೊಂದು ಗಂಟು ಹಾಕಿದ ಹಗ್ಗವನ್ನು ಖಂಡಪ್ಪ ಇಳಿಬಿಡುತ್ತಿದ್ದ. ಆ ಗಂಟು ಹಿಡಿದು ಹನ್ನೊಂದು ಜನ ಮೇಲೆ ಬಂದಿದ್ದಾರೆ.

ನಾನು ಗುಮಾಸ್ತನಾಗಿದ್ದ ತಾಲ್ಲೂಕು ಕಚೇರಿಗೆ ಪ್ರವಾಹದ ಕೆಲಸಕ್ಕೆಂದು ಮೋಟಾರು ಬೋಟು ಬಂದಾಗ ಅವನನ್ನು ದಿನಗೂಲಿಯ ಮೇಲೆ ಕರೆದರು. ಬೋಟಿಗೆ ಬಣ್ಣ, ಬಾವುಟ, ಸೈರನ್, ಸಾಹೇಬರಿಗೆ ಮೆತ್ತನೆಯ ಕುರ್ಚಿ ಎಲ್ಲ ಬಂದವು. ಲೈಫ್ ಜಾಕೆಟ್‌ಗಳು ಪ್ಲಾಸ್ಟಿಕ್ ಚೀಲದಲ್ಲೇ ಉಳಿದವು, ಬಿಚ್ಚಿದರೆ ಹಳತಾಗುತ್ತವಂತೆ! ಖಂಡಪ್ಪ ಹೊಸ ನೈಲಾನ್ ಹಗ್ಗವನ್ನು ಕೈಯಲ್ಲಿ ಎಳೆದು ನೋಡಿದ. ಬಲು ನುಣುಪು. ಎರಡು ದಿನ ಕೂತು ಗಂಟು ಹಾಕಿದ.

ಉಗ್ರಾಣದ ಭಗವಂತರಾಯರು ತಪಾಸಣೆಗೆಂದು ಅಳೆದರು. ಟೇಪಿನ ಇನ್ನೊಂದು ತುದಿ ಹಿಡಿದವನು ನಾನು. ನೂರು ಅಡಿಯ ಹಗ್ಗ ಎಪ್ಪತ್ತೆಂಟಕ್ಕೆ ಬಂತು.

“ಇಪ್ಪತ್ತೆರಡು ಅಡಿ ಎಲ್ಲಿ ಹೋತೋ?” ಎಂದು ಗದರಿದರು.

“ಗಂಟಿನಾಗ ಅದರಿ ಸಾಹೇಬ್ರ. ತೊಯ್ದ ಕೈಗಿ ಬರೇ ಹಗ್ಗ ನಿಲ್ಲಂಗಿಲ್ರಿ.”

“ನನ್ನ ರಿಜಿಸ್ಟರದಾಗ ಗಂಟಿಲ್ಲ. ಬಿಚ್ಚು.”

ಆ ರಿಜಿಸ್ಟರಿನಲ್ಲಿ ಖಂಡಪ್ಪನ ಹೆಸರಿನ ಮುಂದೆ ‘ಕಳವಿನ ಅನುಮಾನ’ ಎಂದು ನಾನು ಬರೆದೆ. ಬಿಚ್ಚಿದ ಮೇಲೆ ನೂರಡಿ ತುಂಬಿತು. ಬರೆದದ್ದನ್ನು ಮಾತ್ರ ಯಾರೂ ಹೊಡೆದುಹಾಕಲಿಲ್ಲ.

ಆಗಸ್ಟಿನಲ್ಲಿ ಹೊಳೆ ಒಮ್ಮೆಲೇ ಏರಿತು. ಬಟ್ಟೆ ಒಗೆಯಲು ಹೋದ ತಿಮ್ಮವ್ವ ನಡುನೀರಿನ ಬಂಡೆಯ ಮೇಲೆ ಸಿಕ್ಕಿಕೊಂಡಳು. ಸುತ್ತ ಕಲ್ಲು, ಬೋಟು ಹತ್ತಿರ ಹೋಗದು. ಖಂಡಪ್ಪ ಬೋಟಿನಿಂದಲೇ ಆ ಗಂಟು ಬಿಚ್ಚಿದ ಹಗ್ಗ ಎಸೆದ. “ಗಟ್ಟಿ ಹಿಡಿ ಯವ್ವಾ!” ಸೊಂಟಕ್ಕೆ ಕಟ್ಟಿಕೊಳ್ಳುವಷ್ಟು ಹೊತ್ತಿರಲಿಲ್ಲ, ನೀರು ಬಂಡೆ ಹತ್ತಿತ್ತು; ಅವಳು ಹಿಡಿದಳು, ನೀರಿಗೆ ಇಳಿದಳು. ಸೆಳವಿಗೆ ಆ ನುಣುಪು ಹಗ್ಗ ಅವಳ ಮುಷ್ಟಿಯಿಂದ ಜಾರುತ್ತ ಜಾರುತ್ತ ತುದಿ ಮುಟ್ಟಿತು. ಖಂಡಪ್ಪ ಹಾರಿದ. ಅವಳು ಸಿಗಲಿಲ್ಲ.

ಮರುದಿನ ಅವಳ ಹೆಣವನ್ನು ದಂಡೆಗೆ ತಂದವನೂ ಅವನೇ. ಅಲ್ಲಿಂದ ನೇರ ಕಚೇರಿಗೆ ಬಂದು ಹಸಿ ಹಗ್ಗವನ್ನು ಮೇಜಿನ ಮೇಲೆ ಒಗೆದ.

“ನೂರು ಅಡಿ ಪೂರಾ ಅದರಿ. ಅಳದು ನೋಡ್ಕೋರಿ.”

ಭಗವಂತರಾಯರು ನಿಜಕ್ಕೂ ಟೇಪು ತೆಗೆದರು! ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದರು.

ಥೂ, ಆವತ್ತೂ ಹಿಡಿದೆ.