ವಿಭೂತಿ ಹಚ್ಚಿದ ಸೈಕಲ್

ನಮ್ಮ ಸೈಕಲ್ ನೀಲಿಯೋ ಹಸಿರೋ? ಇಂದಿಗೂ ನನಗೆ ಖಾತ್ರಿಯಿಲ್ಲ. ಹಸಿರು ಎಂದೇ ನೆನಪು. ಆದರೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. (ಎಂ.ಎ. ಓದಿದ್ದರಿಂದ ಆದ ಏಕೈಕ ಲಾಭ.)

ಸೈಕಲ್ ನನ್ನ ಹೆಂಡತಿಯದು. ಪೀಣ್ಯದ ಫ್ಯಾಕ್ಟರಿಗಳ ಹಿಂದಿನ ಶಾಲೆಯೊಂದರಲ್ಲಿ ಅವಳು ಟೀಚರ್. ಆ ಕಡೆ ಬಸ್ಸಿಲ್ಲ. ಸೈಕಲ್ ಕಳುವಾದ ಮೇಲೆ ದಿನವೂ ನಡೆದು, ಪ್ರಾರ್ಥನೆ ಮುಗಿದ ಮೇಲೆ ತಲುಪುತ್ತಿದ್ದಳು. ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೆಡ್‌ಮೇಡಂ ಎಚ್ಚರಿಸಿದ್ದರು.

ಅಷ್ಟರಲ್ಲಿ ಕಳ್ಳ ಸಿಕ್ಕಿಬಿದ್ದ. ಲೇಡೀಸ್ ಸೈಕಲ್ ಮಾತ್ರ ಕದಿಯುವ ಶಿಸ್ತಿನ ಮನುಷ್ಯ. ಸೈಕಲ್ ಬಿಡುಗಡೆಗೆ ಕೋರ್ಟಿನ ಆದೇಶವೂ ಬಂತು. ಠಾಣೆಗೆ ಹೋಗಿ, ನಮ್ಮದನ್ನು ಗುರುತಿಸಿ ತರುವುದಷ್ಟೇ ಬಾಕಿ.

ದೂರಿನಲ್ಲಿ ಗುರುತು ಏನೆಂದು ಬರೆಸಿದ್ದೆ ಗೊತ್ತೇ? ಹ್ಯಾಂಡಲ್ ಮೇಲೆ ಮೂರು ಗೆರೆ ವಿಭೂತಿ. ಹಾವೇರಿ ಕಡೆಯ ನನ್ನ ಹೆಂಡತಿ ಪ್ರತಿ ಸೋಮವಾರ ಹಚ್ಚುತ್ತಿದ್ದಳು. ಕಬ್ಬಿಣಕ್ಕೇಕೆ ಭಕ್ತಿ ಎಂದು ಪ್ರತಿ ಸೋಮವಾರ ನಾನು ಗೇಲಿ ಮಾಡುತ್ತಿದ್ದೆ. ಈಗ ನಮ್ಮ ಇಡೀ ಕೇಸು ಅದೇ ವಿಭೂತಿಯ ಮೇಲೆ ನಿಂತಿತ್ತು. (ಕಳ್ಳ ಅದನ್ನು ಒರೆಸಿರುವುದಿಲ್ಲ ಎಂದು ಅವನ ಭಕ್ತಿಯ ಮೇಲೆ ಅದೆಷ್ಟು ನಂಬಿಕೆ ನನಗೆ!)

ನಾವು ಹೋದದ್ದು ಆಯುಧಪೂಜೆಯ ಮರುವಾರ. ಠಾಣೆಯ ಹಿಂದೆ ಸೈಕಲ್‌ಗಳು ಸಾಲಾಗಿ ನಿಂತಿದ್ದವು. ಎಲ್ಲ ಹ್ಯಾಂಡಲ್‌ಗಳ ಮೇಲೂ ಮೂರು ಗೆರೆ ವಿಭೂತಿ, ನಡುವೆ ಕುಂಕುಮ.

ಇದೇನೆಂದು ಹೆಡ್ ಕಾನ್‌ಸ್ಟೇಬಲ್ ಅವರನ್ನು ಕೇಳಿದೆ. ಜೀಪು, ಬಂದೂಕು, ಬೇಡಿ, ಟೈಪ್‌ರೈಟರ್ ಎಲ್ಲಕ್ಕೂ ಪೂಜೆ ಮಾಡಿ ಇವನ್ನು ಬಿಡಲು ಅವರಿಗೆ ಮನಸ್ಸಾಗಲಿಲ್ಲವಂತೆ. "ಕೇಸ್ ಮುಗಿಯೋಗಂಟ ಇವೂ ನಮ್ ಸ್ಟೇಷನ್ ಗಾಡಿಗಳೇ ಅಲ್ವಾ ಸಾರ್? ಹಬ್ಬದ ದಿನ ಬರೀ ಹಣೇಲಿ ನಿಲ್ಸಕ್ಕಾಯ್ತದಾ?"

ನಾನು ಹಸಿರು ಸೈಕಲ್ ತೋರಿಸಿದೆ. ಹೆಂಡತಿ ನೇರವಾಗಿ ನೀಲಿಯದರ ಹತ್ತಿರ ಹೋಗಿ ಸ್ಟ್ಯಾಂಡ್ ತೆಗೆದಳು.

"ಇಬ್ರೂ ಸೇರಿ ಒಂದನ್ನ ಹೇಳಿ ಸಾರ್," ಎಂದರು ಹೆಡ್ ಕಾನ್‌ಸ್ಟೇಬಲ್.

"ಅವರನ್ನೇನ್ ಕೇಳ್ತೀರಿ? ಅವರಿಗೆ ತಮ್ಮ ಚಪ್ಪಲಿನೂ ಗುರುತು ಸಿಗಂಗಿಲ್ಲ," ಎಂದಳು ನನ್ನ ಹೆಂಡತಿ.

ಈ ಸಾಕ್ಷ್ಯವನ್ನು ಪೊಲೀಸರು ತಕ್ಷಣ ಒಪ್ಪಿಕೊಂಡರು.

ನಮ್ಮದಕ್ಕೂ ಹೀಗೆ ಹಿಂಬದಿಯಲ್ಲಿ ಕ್ಯಾರಿಯರ್ ಇತ್ತಾ ಎಂದು ದಾರಿಯಲ್ಲಿ ಮೆಲ್ಲಗೆ ಕೇಳಿದೆ. ಇರದಿದ್ದರೆ ಕಳ್ಳ ಹಾಕಿಸಿರಬೇಕು ಎಂದು ಅವಳು ಪೆಡಲ್ ತುಳಿದಳು. ಮರುದಿನ ಪ್ರಾರ್ಥನೆಗೆ ಮೊದಲೇ ಶಾಲೆಯಲ್ಲಿದ್ದಳು.

ನಮ್ಮದು ನಮ್ಮದು ಎನ್ನುವ ವಸ್ತುವನ್ನು ನಾವು ನಿಜವಾಗಿ ನೋಡಿರುತ್ತೇವೆಯೇ? ಆ ಕಳ್ಳನನ್ನೇ ಕೇಳಿದ್ದರೆ ಯಾವುದು ಯಾರದೆಂದು ಬೆಲ್ಲಿನ ಸದ್ದು ಸಮೇತ ಹೇಳುತ್ತಿದ್ದನೇನೋ.

ಮೊನ್ನೆ ಹಳೆಯ ಫೋಟೋ ಒಂದು ಸಿಕ್ಕಿತು, ಕಳುವಿಗೆ ಮುಂಚೆ ಹೆಂಡತಿ ಸೈಕಲ್ ಹಿಡಿದು ನಿಂತದ್ದು. ಕಪ್ಪು ಬಿಳುಪಿನದು, ಬಣ್ಣ ತಿಳಿಯಲಿಲ್ಲ. ಆದರೆ ಭೂತಗನ್ನಡಿ ಹಿಡಿದು ಒಂದನ್ನು ಮಾತ್ರ ಖಚಿತಪಡಿಸಿಕೊಂಡಿದ್ದೇನೆ: ನಮ್ಮ ಸೈಕಲ್ಲಿಗೆ ಕ್ಯಾರಿಯರ್ ಇರಲಿಲ್ಲ.