ಡೆಲ್ಮಾರ್ ಟೆಶ್ ಮತ್ತು ಆಲೂಗಡ್ಡೆಯ ಪಿತೂರಿ

ಕೇಳಿರಿ, ಪ್ರಿಯರೇ. ಕೈಯಲ್ಲಿರುವ ಫೋನನ್ನು ಒಂದು ಗಳಿಗೆ ಕೆಳಗಿಟ್ಟು ಕೇಳಿರಿ. ನಮ್ಮ ಚರ್ಚಿನ ಸಭೆಯ ಡೆಲ್ಮಾರ್ ಟೆಶ್ ಎಂಬವನು ದೇಶವನ್ನು ಉಳಿಸಲು ಹೊರಟ ಕಥೆಯನ್ನೂ, ಆ ಬಳಿಕ ದೇಶಕ್ಕಿಂತ ಕಷ್ಟದ ಇನ್ನೊಂದನ್ನು ಉಳಿಸಲು ಹೊರಟ ಕಥೆಯನ್ನೂ ಹೇಳುತ್ತೇನೆ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಮೆದು ಮಾಡದೆ ಹೇಳಬೇಕೆಂಬುದು ಅವನ ಷರತ್ತು.

ವಿಸ್ಕಾನ್ಸಿನ್ ರಾಜ್ಯದ ಪಶ್ಚಿಮ ಭಾಗದ ನಮ್ಮ ಊರಿನಲ್ಲಿ ಡೆಲ್ಮಾರ್ ಮೂವತ್ತೆಂಟು ವರ್ಷ ಹಾಲಿನ ಟ್ಯಾಂಕರ್ ಓಡಿಸಿದವನು. ಒಂದು ದಿನವೂ ಹಾಲು ಹುಳಿಯಾಗಗೊಡಲಿಲ್ಲ, ಯಾರ ಅಳತೆಗೂ ಮೋಸ ಮಾಡಲಿಲ್ಲ. ನಿವೃತ್ತನಾದ ಮೇಲೆ ಮಗಳು ಒಂದು ಫೋನು ಕೊಡಿಸಿದಳು. ಶಾಲೆ ಹನ್ನೆರಡು ವರ್ಷದಲ್ಲಿ ಕಲಿಸದಿದ್ದುದನ್ನು ಆ ಫೋನು ಎರಡು ಚಳಿಗಾಲದಲ್ಲಿ ಕಲಿಸಿತು. ಮಳೆ, ಹಾಲಿನ ಬೆಲೆ, ಚುನಾವಣೆ ಎಲ್ಲವನ್ನೂ ಒಂದು ಕೋಣೆಯಲ್ಲಿ ಕುಳಿತ ಕೆಲವರು ನಡೆಸುತ್ತಾರಂತೆ. ಆ ಕೋಣೆ ಎಲ್ಲಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ತಿಳಿಯದಿರುವುದೇ ಅದು ಇದೆಯೆಂಬುದಕ್ಕೆ ಬಲವಾದ ಸಾಕ್ಷಿಯಾಗಿತ್ತು.

ನಮ್ಮ ದೇಶದ ಎರಡು ದೊಡ್ಡ ಪಕ್ಷಗಳ ಗುರುತು ಆನೆ ಮತ್ತು ಕತ್ತೆ. ಡೆಲ್ಮಾರ್ ಆನೆ ಪಕ್ಷದವನು. ಕತ್ತೆ ಪಕ್ಷದವರು ಅವನಿಗಿಂತ ವಿವೇಕಿಗಳೆಂದು ಎಣಿಸಬೇಡಿ. ಅಂಚೆ ಎರಡು ದಿನ ತಡವಾದರೆ ಅದರ ಹಿಂದೆ ಆನೆಯ ಸೊಂಡಿಲನ್ನು ಕಾಣುವ ಪುಣ್ಯಾತ್ಮರು ನಮ್ಮ ಗಾಯಕವೃಂದದಲ್ಲೇ ನಾಲ್ವರಿದ್ದಾರೆ, ಮತ್ತು ಹಾಡುವಾಗ ಅವರ ಕಣ್ಣುಗಳು ಬಹು ಭಕ್ತಿಯಿಂದ ಮುಚ್ಚಿರುತ್ತವೆ.

ನಮ್ಮ ಊರಿನ ಮತಗಟ್ಟೆ ಚರ್ಚಿನ ನೆಲಮಾಳಿಗೆಯಲ್ಲಿ. ಮತಚೀಟಿ ಕೊಡುವ ಮೇಜಿನ ಬಳಿ ಎರಡೂ ಪಕ್ಷದವರು ಒಟ್ಟಿಗೆ ಕೂರಬೇಕು, ಬೆಳಗಿನಿಂದ ರಾತ್ರಿಯ ಎಣಿಕೆಯವರೆಗೆ ಏಳುವಂತಿಲ್ಲ. ಆದ್ದರಿಂದ ಕೂರುವವರೆಲ್ಲ ಮನೆಯಿಂದ ಏನಾದರೂ ಮಾಡಿ ತರುವುದು ಮೊದಲಿನಿಂದ ಬಂದ ಪದ್ಧತಿ. ಇಪ್ಪತ್ತಾರು ವರ್ಷದಿಂದ ಮೇಜಿನ ಮುಖ್ಯಸ್ಥೆಯಾಗಿದ್ದ ಆರ್ಡಿಸ್ ನೈಗಾರ್ಡ್ ತರುತ್ತಿದ್ದುದು ಹಾಟ್‌ಡಿಶ್: ಕೆಳಗೆ ಕೊಚ್ಚಿದ ಮಾಂಸ, ನಡುವೆ ಅಣಬೆಯ ಗಟ್ಟಿ ಸಾರು, ಮೇಲೆ ಹುರಿದ ಆಲೂಗಡ್ಡೆಯ ತುಣುಕು. ದೊಡ್ಡ ಗಾಜಿನ ಪಾತ್ರೆ ಆರದಂತೆ ಹತ್ತಿ ತುಂಬಿದ ಬಟ್ಟೆಯ ಚೀಲದಲ್ಲಿಟ್ಟು, ಬೆಳಗಿನ ಐದೂಕಾಲಕ್ಕೇ ಹಿಂಬಾಗಿಲಿನಿಂದ ತಂದು ಅಡುಗೆಮನೆಯ ಓವನ್ನಿನೊಳಗೆ ಇರಿಸುವಳು. ಆರ್ಡಿಸ್ ವಿಧವೆ, ಕತ್ತೆ ಪಕ್ಷದವಳು, ಡೆಲ್ಮಾರನ ಮಗಳಿಗೆ ಚರ್ಚಿನಲ್ಲಿ ಭಾನುವಾರದ ಪಾಠ ಹೇಳಿದವಳು.

ಆ ನವೆಂಬರಿನಲ್ಲಿ, ಮತದಾನದ ಮಂಗಳವಾರ, ಡೆಲ್ಮಾರ್ ಪ್ರಜಾಪ್ರಭುತ್ವದ ಕಾವಲಿಗೆಂದು ಬೆಳಗಿನ ನಾಲ್ಕೂವರೆಗೇ ಚರ್ಚಿನ ಅಂಗಳದಲ್ಲಿ ತನ್ನ ಪಿಕಪ್ಪಿನೊಳಗೆ ಕುಳಿತ. ಯಾರೂ ನೇಮಿಸಿರಲಿಲ್ಲ, ಆದ್ದರಿಂದ ಯಾರೂ ವಜಾ ಮಾಡುವಂತೆಯೂ ಇರಲಿಲ್ಲ. ಐದೂಕಾಲಕ್ಕೆ ಅವನ ತಾಳ್ಮೆಗೆ ಫಲ ಸಿಕ್ಕಿತು. ಅಂಗಳದ ದೀಪದ ಬೆಳಕಿನಲ್ಲಿ, ಮುಖಕ್ಕೆ ಮಫ್ಲರ್ ಸುತ್ತಿದ ಹೆಂಗಸೊಬ್ಬಳು ಭಾರದ ಚೀಲವೊಂದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಎಡಕ್ಕೂ ಬಲಕ್ಕೂ ನೋಡುತ್ತ ಹಿಂಬಾಗಿಲು ಹೊಕ್ಕಳು. ನೆಲದ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಬಿಸಿ ಪಾತ್ರೆ ಹೊತ್ತು ಅದರ ಮೇಲೆ ನಡೆಯುವವರು ಯಾರಾದರೂ ಎಡಕ್ಕೂ ಬಲಕ್ಕೂ ನೋಡುತ್ತಾರೆ. ಡೆಲ್ಮಾರ್ ಫೋನಿನಲ್ಲಿ ನಲವತ್ತು ಸೆಕೆಂಡು ಚಿತ್ರೀಕರಿಸಿ, ಕೆಳಗೆ ಹೀಗೆ ಬರೆದು ಲೋಕಕ್ಕೆ ಬಿಟ್ಟ: ‘ಚೀಲದಲ್ಲಿ ಏನಿತ್ತು? ನಾನು ಕೇಳುತ್ತಿದ್ದೇನೆ, ಅಷ್ಟೆ.’

ನಡಿಗೆಯಿಂದಲೇ ಅವಳು ಆರ್ಡಿಸ್ ಎಂದು ಅವನಿಗೆ ತಿಳಿದಿತ್ತು. ಹೆಸರು ಬರೆಯಲಿಲ್ಲ, ಬರೆಯದಿದ್ದುದನ್ನು ತನ್ನ ಔದಾರ್ಯವೆಂದು ಬಗೆದ. ಹೆಸರು ಬರೆಯಲು ಬೇರೆಯವರು ಬೇಕಾದಷ್ಟಿದ್ದರು. ಮಧ್ಯಾಹ್ನ ಬಂದು ಮತ ಹಾಕಿ, ಅಡುಗೆಮನೆಯಲ್ಲಿ ನಿಂತು ಎರಡು ತಟ್ಟೆ ಹಾಟ್‌ಡಿಶ್ ತಿಂದು, ರುಚಿಯನ್ನು ಹೊಗಳಿ ಹೋದ. ಬೆಳಿಗ್ಗೆ ಕಂಡದ್ದಕ್ಕೂ ಮಧ್ಯಾಹ್ನ ಉಂಡದ್ದಕ್ಕೂ ಸಂಬಂಧವಿರಬಹುದೆಂಬ ಸಂಶಯ, ಎಲ್ಲದರಲ್ಲೂ ಸಂಬಂಧ ಕಾಣುತ್ತಿದ್ದ ಆ ಮನುಷ್ಯನಿಗೆ ಬರಲೇ ಇಲ್ಲ.

ಗುರುವಾರದ ಹೊತ್ತಿಗೆ ಹನ್ನೊಂದು ಸಾವಿರ ಮಂದಿ ಅದನ್ನು ನೋಡಿದ್ದರು. ಫ್ಲೋರಿಡಾದ ಒಬ್ಬ ಮಹಾಶಯ ಪರದೆಯ ಮೇಲೆ ಅಳತೆಪಟ್ಟಿ ಇಟ್ಟು, ಚೀಲದಲ್ಲಿ ನಾನೂರು ಮತಚೀಟಿ ಇತ್ತೆಂದು ಸಾಧಿಸಿದ. ನಮ್ಮ ಊರಿನಲ್ಲಿ ಅಂದು ಬಿದ್ದ ಮತಗಳೇ ಇನ್ನೂರ ಎಪ್ಪತ್ತೊಂದು. ಅಷ್ಟು ಸೂಕ್ಷ್ಮವಾದ ಲೆಕ್ಕಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. ಅರಿಜೋನಾದ ಒಬ್ಬ ಮಹಿಳೆ ಚೀಲದಿಂದ ಏಳುತ್ತಿದ್ದ ಹಬೆಯನ್ನು ಕಂಡು, ಅದು ಆಗಷ್ಟೇ ಅಚ್ಚಾದ ಚೀಟಿಗಳ ಶಾಯಿ ಒಣಗುವ ಹೊಗೆ ಎಂದಳು. ಸುದ್ದಿ ಸುತ್ತಿ ನಮ್ಮ ಊರಿಗೇ ಮರಳುವಷ್ಟರಲ್ಲಿ ಚೀಲವು ಕಬ್ಬಿಣದ ಪೆಟ್ಟಿಗೆಯಾಗಿತ್ತು.

ಆರ್ಡಿಸಳನ್ನು ಅಂಗಡಿಯಲ್ಲಿ ಕಂಡವರು ಮುಖ ತಿರುಗಿಸಿ ಡಬ್ಬಿಗಳ ಮೇಲಿನ ಚೀಟಿಯನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ಗುರುತಿಲ್ಲದವರು ಫೋನು ಮಾಡಿ ಹೇಳಿದ ಮಾತುಗಳನ್ನು ನಾನಿಲ್ಲಿ ಮತ್ತೆ ಆಡಲಾರೆ. ಡಿಸೆಂಬರಿನಲ್ಲಿ ಊರ ಮಂಡಳಿ ಮುಂದಿನ ಎರಡು ವರ್ಷಕ್ಕೆ ಮೇಜಿನವರ ಪಟ್ಟಿ ಮಾಡಬೇಕಿತ್ತು. ಅವಳ ಹೆಸರನ್ನು ಹೊಡೆದುಹಾಕಬೇಕೆಂಬ ಅರ್ಜಿ ಬಂತು. ಇಪ್ಪತ್ತಾರು ವರ್ಷ ಕಾಪಾಡಿಕೊಂಡು ಬಂದ ಹೆಸರು, ಅದೊಂದೇ ಆ ವಿಧವೆಯ ಸೊತ್ತು.

ಸಭೆಗೆ ಎರಡು ದಿನ ಮುಂಚೆ, ಶನಿವಾರ ಮಧ್ಯಾಹ್ನ, ಆ ಚಿತ್ರ ಟೀವಿಯಲ್ಲಿ ಬಂತು. ಡೆಲ್ಮಾರನ ಹೆಂಡತಿ ಲವೋನ್ ಇಸ್ತ್ರಿ ಮಾಡುತ್ತಿದ್ದಳು. ಅವಳಿಗೆ ಅಂಥ ಫೋನಿಲ್ಲ. ಪೆಟ್ಟಿಗೆಯ ಸುದ್ದಿ ಕೇಳಿ ಗಂಡನನ್ನು ಬೈದಿದ್ದಳೇ ಹೊರತು, ಚಿತ್ರವನ್ನು ಕಂಡದ್ದು ಆಗಲೇ ಮೊದಲು.

“ನಿನ್ ಫೋನಲ್ಲಿ ಅದನ್ನ ಇನ್ನೊಂದ್ಸಲ ಹಾಕು,” ಎಂದಳು.

“ಯಾಕೆ?”

“ಆ ಚೀಲ ನಾನು ಹೊಲ್ದಿದ್ದು ಕಣೋ. ಆರ್ಡಿಸ್ ಗಂಡ ತೀರ್ಕೊಂಡ ವರ್ಷ ಹೊಲ್ದು ಕೊಟ್ಟೆ. ಅದ್ರ ಮೇಲಿನ ಆ ಕೆಂಪು ಚೌಕದ ತುಂಡು ನಿನ್ನ ಹಳೇ ಶರ್ಟಿಂದು.”

ಡೆಲ್ಮಾರ್ ಅಷ್ಟು ಬೇಗ ಸೋಲುವವನಲ್ಲ. “ಚೀಲ ನಿಂದಾಗಿದ್ ಮಾತ್ರಕ್ಕೆ ಒಳಗೇನಿತ್ತು ಅಂತ ಗೊತ್ತಾಗ್ಬಿಡತ್ತಾ?”

“ಗೊತ್ತಾಗ್ದೆ ಏನು? ನಿನ್ ಹೊಟ್ಟೇನ ಕೇಳು. ಅವತ್ತು ಸಂಜೆ ಊಟ ಬೇಡ ಅಂದೋನು ಯಾರು? ಆರ್ಡಿಸ್ ಮಾಡಿದ್ದು ಎರಡು ತಟ್ಟೆ ಹೊಡ್ದಿದೀನಿ ಅಂತ ಹೇಳ್ಕೊಂಡು ಬಂದೋನು ಯಾರು?”

ಸಾಕ್ಷ್ಯವನ್ನು ನಾಶಮಾಡಿದವರು ಯಾರೆಂಬ, ಇಡೀ ದೇಶವನ್ನು ಕಾಡುತ್ತಿದ್ದ ಪ್ರಶ್ನೆಗೆ ಹೀಗೆ ಉತ್ತರ ದೊರೆಯಿತು.

ಆಮೇಲೆ ಡೆಲ್ಮಾರ್ ಆನೆ ಪಕ್ಷದ ಜಿಲ್ಲಾ ಮುಖಂಡನಿಗೆ ಫೋನು ಮಾಡಿ ನಡೆದುದನ್ನು ತಿಳಿಸಿದ. ಮುಖಂಡನು ಸಾವಧಾನದಿಂದ ಕೇಳಿ, “ಚೀಲ ಈಗ ನಿಂದೂ ಅಲ್ಲ, ಆರ್ಡಿಸಂದೂ ಅಲ್ಲ ಡೆಲ್ಮಾರ್. ಅದು ಚಳವಳಿದು. ನೀನು ಸುಮ್ನಿದ್ಬಿಡು,” ಎಂದನು. ಅದೇ ದಿನ ಕತ್ತೆ ಪಕ್ಷದ ಮುಖಂಡಳು ಆರ್ಡಿಸಳಿಗೆ ಫೋನು ಮಾಡಿ, ಆಲೂಗಡ್ಡೆಯ ಮಾತೆತ್ತಿದರೆ ವಿಷಯ ಹಗುರವಾಗುತ್ತದೆ, ಕ್ಯಾಮೆರಾದ ಮುಂದೆ ಸ್ವಲ್ಪ ಅಳಬೇಕು, ಡೆಲ್ಮಾರನ ಹಿಂದೆ ವಿದೇಶೀ ಶಕ್ತಿಯಿದೆ ಎನ್ನಬೇಕು ಎಂದು ಸಲಹೆಯಿತ್ತಳು.

“ಪಕ್ಕದ ಜಿಲ್ಲೆಗೆ ಹೋಗೋದಿದ್ರೂ ಬುತ್ತಿ ಕಟ್ಕೊಂಡು ಹೋಗೋ ಮನುಷ್ಯ ಅವ್ನು,” ಎಂದಳು ಆರ್ಡಿಸ್. “ಅವನನ್ನ ಯಾವ ದೇಶದೋರಮ್ಮ ಕೆಲ್ಸಕ್ಕೆ ಇಟ್ಕೋತಾರೆ?”

ಸತ್ಯವೊಂದು ಬಿಟ್ಟು ಮಿಕ್ಕೆಲ್ಲದಕ್ಕೂ ಎರಡೂ ಪಕ್ಷಗಳಲ್ಲಿ ಬೇಡಿಕೆಯಿತ್ತು.

ಭಾನುವಾರ ಆರಾಧನೆಯ ಬಳಿಕ ಡೆಲ್ಮಾರ್ ಪಾದ್ರಿಯಾದ ನನ್ನನ್ನು ಬದಿಗೆ ಕರೆದು, ಆರ್ಡಿಸಳಿಗೆ ಗುಟ್ಟಾಗಿ ಒಂದು ಪತ್ರ ಬರೆದರೆ ಸಾಲದೇ ಎಂದು ಕೇಳಿದ. ಚಾಡಿಯು ಹನ್ನೊಂದು ಸಾವಿರ ಮಂದಿಯ ಮುಂದೆ ಮೆರವಣಿಗೆ ಹೋಗಿರುವಾಗ ಕ್ಷಮಾಪಣೆ ಮಾತ್ರ ಲಕೋಟೆಯಲ್ಲಿ ಅಡಗಿ ಹೋಗಬೇಕೇ ಎಂದೆ. ಅವನಿಗೆ ಅದು ಹಿತವಾಗಲಿಲ್ಲ. ನನ್ನ ಬಳಿ ಹಿತವಾದುದು ಬೇರೇನೂ ಇರಲಿಲ್ಲ.

ಸೋಮವಾರ ಸಂಜೆ, ರಸ್ತೆಯ ಹಿಮ ತೆಗೆಯುವ ಗಾಡಿಯ ಬಗ್ಗೆ ಜಗಳವಾಡಲು ಐದು ಜನ ಸೇರುತ್ತಿದ್ದ ಮಂಡಳಿಯ ಕೋಣೆಯಲ್ಲಿ ಎಂಬತ್ತು ಜನ ಸೇರಿದ್ದರು. ಒಬ್ಬೊಬ್ಬರಿಗೆ ಮೂರು ನಿಮಿಷ. ಎರಡೂ ಕಡೆಯವರು ಸಂವಿಧಾನವನ್ನೂ ದೇಶದ ಸಂಸ್ಥಾಪಕರನ್ನೂ ಎಳೆತಂದರು. ಕೊನೆಗೆ ಡೆಲ್ಮಾರ್ ಟೊಪ್ಪಿಗೆ ತೆಗೆದು ಎದ್ದುನಿಂತ.

“ವಿಡಿಯೋ ತೆಗ್ದೋನು ನಾನೇ. ಚೀಲದಲ್ಲಿ ಇದ್ದಿದ್ದು ಹಾಟ್‌ಡಿಶ್. ಅವತ್ತು ಮಧ್ಯಾಹ್ನ ನಾನೇ ತಿಂದಿದೀನಿ. ನಾನು ಬರ್ದಿದ್ದು ಪ್ರಶ್ನೆ ಥರ ಇತ್ತು, ಆದ್ರೆ ಅದು ಪ್ರಶ್ನೆ ಅಲ್ಲ, ಆರ್ಡಿಸ್ ಕಳ್ಳಿ ಅಂತ ಹೇಳಿದ ಹಾಗೇನೇ. ಅದು ಸುಳ್ಳು. ತಪ್ಪು ನಂದು.”

ಹಿಂದಿನಿಂದ ಯಾರೋ ಕೂಗಿದರು: “ನಿಂಗೆ ಎಷ್ಟು ಕೊಟ್ರೋ?”

“ಎರಡು ತಟ್ಟೆ,” ಎಂದು ಹೇಳಿ ಡೆಲ್ಮಾರ್ ಕುಳಿತುಕೊಂಡ.

ಇಬ್ಬರು ಪರ, ಒಬ್ಬರು ವಿರುದ್ಧವಾಗಿ ಮೂವರು ಸದಸ್ಯರ ಮಂಡಳಿ ಅವಳ ಹೆಸರನ್ನು ಉಳಿಸಿತು. ವಿರೋಧಿಸಿದವರು, ಪ್ರಶ್ನೆಗಳು ಇನ್ನೂ ಉಳಿದಿವೆ ಎಂದರು. ಯಾವ ಪ್ರಶ್ನೆಗಳೆಂದು ಹೇಳಲಿಲ್ಲ.

ಹೊರಗೆ ಕಾರಿನ ಬಳಿ ಡೆಲ್ಮಾರ್ ಆರ್ಡಿಸಳ ಮುಂದೆ ತಲೆತಗ್ಗಿಸಿ ನಿಂತ. ಎಲ್ಲ ಮುಗಿಯಿತೆಂದು ಅವನೂ ಎಣಿಸಿದ್ದ, ನಾನೂ ಎಣಿಸಿದ್ದೆ.

“ಕ್ಷಮಿಸಿದೀನಿ,” ಎಂದಳು ಆರ್ಡಿಸ್. “ಅದು ದೇವರ ಮುಂದೆ ನಾನು ಮಾಡ್ಬೇಕಾದ ಕೆಲ್ಸ, ಮಾಡಿದೀನಿ. ಆದ್ರೆ ಕೂರ್ತೀನಿ ಅಂತ ಪಟ್ಟಿಗೆ ಇನ್ನೂ ಸಹಿ ಹಾಕಿಲ್ಲ. ಚೀಟಿ ತಗೊಳಕ್ಕೆ ಬರೋರು ಮೊದ್ಲು ನನ್ನ ಕೈ ನೋಡ್ತಾರೆ ಡೆಲ್ಮಾರ್. ಹಂಗೆ ನೋಡಿಸ್ಕೊಂಡು ನಾನು ಅಲ್ಲಿ ಕೂರಲ್ಲ. ಎಲ್ಲೆಲ್ಲಿ ಹೇಳಿದ್ಯೋ ಅಲ್ಲೆಲ್ಲ ಹೋಗಿ ಆ ಮಾತನ್ನ ವಾಪಸ್ ತಗೊಂಡು ಬಾ. ತಿಂಗಳ ಕೊನೇವರೆಗೂ ಟೈಮಿದೆ.”

ಡೆಲ್ಮಾರ್ ಹೊರಟ. ದನದ ಮೇವಿನ ಅಂಗಡಿಯಲ್ಲಿ ಹೇಳಿದ. ಕ್ಷೌರದಂಗಡಿಯಲ್ಲಿ ಹೇಳಿದಾಗ ಕ್ಷೌರಿಕನು ಅವನ ಮುಗ್ಧತೆಗೆ ಮರುಗಿದ. ಶುಕ್ರವಾರ ಹೋಟೆಲಿನಲ್ಲಿ ಎಲ್ಲರೂ ಹುರಿದ ಮೀನು ತಿನ್ನುವಾಗ ನಿಂತು ಹೇಳಿದ. ಇಪ್ಪತ್ತು ವರ್ಷದ ಗೆಳೆಯನೊಬ್ಬ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದ. ಫೋನಿನಲ್ಲಿ ತನ್ನ ಮುಖವನ್ನೇ ಚಿತ್ರೀಕರಿಸಿ ಹೇಳಿದ. ಹನ್ನೊಂದು ಸಾವಿರದ ಜಾಗದಲ್ಲಿ ತೊಂಬತ್ತನಾಲ್ಕು ಮಂದಿ ನೋಡಿದರು. ಅವರಲ್ಲಿ ಹಲವರು, ಇವನ ಕಿವಿ ಬೇರೆ ಥರ ಇದೆ, ನಿಜವಾದ ಡೆಲ್ಮಾರ್ ಟೆಶ್‌ನನ್ನು ಎಲ್ಲೋ ಕೂಡಿಹಾಕಿದ್ದಾರೆ ಎಂದು ಬರೆದರು. ಲವೋನ್ ಕಿವಿಯನ್ನು ಹತ್ತಿರದಿಂದ ಪರೀಕ್ಷಿಸಿ, ದುರದೃಷ್ಟವಶಾತ್ ಅದೇ ಗಂಡ ಎಂದು ಖಚಿತಪಡಿಸಿದಳು.

ಮೂವತ್ತನೆಯ ತಾರೀಖು ಆರ್ಡಿಸ್ ಸಹಿ ಹಾಕಿದಳು. ಏಪ್ರಿಲಿನ ಚುನಾವಣೆಯಲ್ಲಿ ಮೇಜಿನ ಬಳಿ ಕುಳಿತಳು. ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಅಂದು ಹದಿಮೂರು ಮಂದಿ ಅವಳ ಕೈಯಿಂದ ಚೀಟಿ ತೆಗೆದುಕೊಳ್ಳಲು ಮನಸ್ಸಾಗದೆ ಪಕ್ಕದವರಿಗಾಗಿ ಕಾದು ನಿಂತರು. ಉಳಿದವರು ತೆಗೆದುಕೊಂಡರು. ಅವರಲ್ಲಿ ಡೆಲ್ಮಾರ್ ಮೊದಲಿಗ.

ಪ್ರಿಯರೇ, ನೀವು ಆನೆಯ ಕಡೆಯವರಿರಬಹುದು, ಕತ್ತೆಯ ಕಡೆಯವರಿರಬಹುದು. ಮತಪೆಟ್ಟಿಗೆಯ ಮುಂದೆ ನಿಮ್ಮ ಮನಸ್ಸು ನಿಮ್ಮದು. ಆದರೆ ಯಾರದೋ ಹೆಸರನ್ನು ಕೆಡಿಸಿದ ಮಾತೊಂದು ನಿಮ್ಮ ಬಾಯಿಂದಲೋ ಬೆರಳಿನಿಂದಲೋ ಹೊರಟಿದ್ದರೆ, ಅದನ್ನು ಕರೆತರಲು ಬೇರೆಯವರು ಹೋಗುವುದಿಲ್ಲ. ನೀವೇ ಎದ್ದು ಹೊರಡಿರಿ. ಅದು ಹೊಕ್ಕ ಬಾಗಿಲುಗಳನ್ನೆಲ್ಲ ಒಂದೊಂದಾಗಿ ತಟ್ಟಿರಿ, ನಗುವವರು ನಗಲಿ, ಮತ್ತು ದಯವಿಟ್ಟು ಈ ವಾರವೇ ಮೊದಲ ಬಾಗಿಲಿಗೆ ಹೋಗಿರಿ.